ಗಿಫ್ಟ್ ಅಂತ ಬರೆದಿದ್ದರೆ ಮುಟ್ಟಬೇಡಿ

ಜರ್ಮನಿಗೆ ಹೊಸದಾಗಿ ಬಂದ ನಮ್ಮವರಿಗೆ ನಾನು ಮೊದಲು ಹೇಳೋ ಮಾತು ಇದೇ. ನಾನು ಬಂದ ಮೊದಲ ತಿಂಗಳು, ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಒಂದು ಡಬ್ಬಿ ಕಂಡಿತು. ಮೇಲೆ ದಪ್ಪ ಅಕ್ಷರದಲ್ಲಿ 'ಗಿಫ್ಟ್'. ಹಿಂದೆ ಇದ್ದವರು ನಮಗೇ ಏನೋ ಬಿಟ್ಟು ಹೋಗಿದ್ದಾರೆ ಅಂತ ಖುಷಿಯಾಯಿತು. ಪಕ್ಕದ ಮನೆ ಅಜ್ಜಿ ಕೈ ಹಿಡಿದು ಎಳೆಯದಿದ್ದರೆ ಮುಚ್ಚಳ ತೆಗೆದೇಬಿಡುತ್ತಿದ್ದೆ. ಅದು ಇಲಿ ಪಾಷಾಣ! ಜರ್ಮನ್‌ನಲ್ಲಿ ಗಿಫ್ಟ್ ಅಂದರೆ ವಿಷ. ಉಡುಗೊರೆಗೆ 'ಗೆಶೆಂಕ್' ಅನ್ನುತ್ತಾರೆ. ಬಾಟಲಿ ಮೇಲೆ ತಲೆಬುರುಡೆ, ಪಕ್ಕದಲ್ಲಿ 'ಗಿಫ್ಟಿಗ್' ಅಂತ ಇದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಎರಡು ಭಾಷೆಯ ಗಿಫ್ಟೂ 'ಕೊಡು' ಅನ್ನೋ ಒಂದೇ ಬೇರಿನಿಂದ ಬಂದದ್ದು. ಇಂಗ್ಲಿಷ್‌ನಲ್ಲಿ ಕೊಟ್ಟದ್ದು ಉಡುಗೊರೆಯಾಯಿತು. ಜರ್ಮನ್‌ನಲ್ಲಿ ಅಳತೆ ಮಾಡಿ ಕೊಡುವ ಔಷಧಿಯಾಗಿ, ಆಮೇಲೆ ವಿಷವೇ ಆಗಿಬಿಟ್ಟಿತು. ನಮ್ಮ ಮದ್ದೂ ಹಾಗೇ ಅಲ್ವಾ? ವೈದ್ಯರು ಕೊಟ್ಟರೆ ವಾಸಿಯಾಗುತ್ತೆ, ಯಾರೋ ಊಟದಲ್ಲಿ 'ಮದ್ದು ಹಾಕಿದರು' ಅಂದರೆ ಊರೇ ಬೆಚ್ಚಿಬೀಳುತ್ತೆ. ಸ್ವೀಡನ್‌ಗೆ ಹೋದರೆ ಇನ್ನೂ ಮಜಾ. ಅಲ್ಲಿ ಇದೇ ಕಾಗುಣಿತಕ್ಕೆ 'ಯಿಫ್ಟ್' ಅನ್ನುತ್ತಾರೆ. ವಿಷಕ್ಕೂ ಅದೇ, ಮದುವೆಯಾದವರಿಗೂ ಅದೇ! ಗಂಡಸರು ಇದನ್ನು ಹಿಡಿದುಕೊಂಡು ಜೋಕ್ ಮಾಡುತ್ತಾರೆ, ಮಾಡಲಿ ಬಿಡಿ. 'ಮಗಳನ್ನು ಯಾವೂರಿಗೆ ಕೊಟ್ಟಿದ್ದೀರಿ?' ಅಂತ ಕೇಳುವ ನಮಗೆ ಕೊಡೋದಕ್ಕೂ ಮದುವೆಗೂ ಇರುವ ನಂಟು ಹೊಸದೇನಲ್ಲ.

ಇನ್ನೊಂದು, ಕಚೇರಿಯಲ್ಲಿ ಕಾಡೋದು. 'ವೇರ್' ಅಂದರೆ ಯಾರು, 'ವೋ' ಅಂದರೆ ಎಲ್ಲಿ. ಇಂಗ್ಲಿಷ್ ಕಿವಿಗೆ ಪೂರಾ ಉಲ್ಟಾ. ವಿಳಾಸ ನೋಂದಾಯಿಸಲು ಹೋದಾಗ ಮನೆಯಲ್ಲಿ ಯಾರ್ಯಾರು ಇರುತ್ತೀರಿ ಅಂತ ಕೇಳಿದರು. ನಾನು ಬೀದಿ ಹೆಸರು ಹೇಳಿದೆ. ಮತ್ತೆ ಕೇಳಿದರು. ಮನೆ ನಂಬರನ್ನೂ ಸೇರಿಸಿ ಜೋರಾಗಿ ಹೇಳಿದೆ! ಅಂದಹಾಗೆ, ಮನೆ ಸೇರಿದ 2 ವಾರದೊಳಗೆ ಈ ನೋಂದಣಿ ಆಗಬೇಕು, ಮರೆಯಬೇಡಿ.

ರಜೆಗೆ ಇಟಲಿಗೆ ಹೋದರೆ ನಲ್ಲಿ ಮುಟ್ಟುವ ಮುಂಚೆ ನೋಡಿ. ಅಲ್ಲಿ 'ಸಿ' ಅಂದರೆ 'ಕಾಲ್ದೊ', ಬಿಸಿನೀರು. ತಣ್ಣೀರಿಗೆ 'ಎಫ್'. ಜರ್ಮನ್‌ನ 'ಕಾಲ್ಟ್' ಮಾತ್ರ ತಣ್ಣಗೆ. ಕೇಳೋಕೆ ಅಣ್ಣತಮ್ಮಂದಿರ ಹಾಗಿದ್ದರೂ ಎರಡಕ್ಕೂ ಸಂಬಂಧವೇ ಇಲ್ಲ.

ಇದೇ ಕಾಲ್ಟ್ ಮನೆ ಜಾಹೀರಾತಿನಲ್ಲೂ ಬರುತ್ತೆ. ಚಳಿ ಮನೆ ಅಂತ ಹೆದರಬೇಡಿ, ಮನೆ ಬಿಸಿ ಮಾಡುವ ಖರ್ಚು ಸೇರಿಸದ ಬಾಡಿಗೆ ಅಷ್ಟೇ. ಲೆಕ್ಕಕ್ಕೆ 'ವಾರ್ಮ್' ಅಂತ ಇರುವ ಅಂಕಿಯನ್ನೇ ಹಿಡಿಯಿರಿ. ಕರೆಂಟ್ ಬಿಲ್ ಸಾಮಾನ್ಯವಾಗಿ ಅದರ ಮೇಲೆ ಬೇರೆ.