ಹೊಸ ಪೇಂಟ್‌ಗೆ ಪಾಲಿಶ್: ಮೊದಲು ಕಾಯಿರಿ, ಆಮೇಲೆ ಉಜ್ಜಿ

ಪೇಂಟಿಂಗ್ ಮುಗಿದು ಕಾರು ಮನೆಗೆ ಬಂದ ದಿನ ಕೈ ಸುಮ್ನೆ ಇರುವುದಿಲ್ಲ. ಇನ್ನೂ ಸ್ವಲ್ಪ ಹೊಳೆಯಲಿ ಅಂತ ಅವತ್ತೇ ಸಂಜೆ ವ್ಯಾಕ್ಸ್ ಡಬ್ಬಿ ತೆರೆಯುತ್ತಾರೆ. ಹೀಗೆ ಮಾಡಿ ಪೇಂಟ್ ಕೆಡಿಸಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಎರಡು ತಿಂಗಳಲ್ಲಿ ಬಾನೆಟ್ ಮೇಲೆ ಬಾಯಲ್ಲಿ ಊದಿದ ಗಾಜಿನ ಹಾಗೆ ಮಬ್ಬು. ಆಮೇಲೆ ಪೇಂಟರ್‌ಗೆ ಬೈಗುಳ. ಕೆಡಿಸಿದ್ದು ಮಾತ್ರ ಆ ಡಬ್ಬಿ.

ಮೊದಲು ಕಾಯುವ ಕೆಲಸ

ಕಾರ್ಖಾನೆಯಲ್ಲಿ ಪೇಂಟ್ ಹೊಡೆಯುವಾಗ ಇರುವುದು ಬರೀ ತಗಡಿನ ಬಾಡಿ. ಸೀಟು, ವೈರು, ಟೈರು ಯಾವುದೂ ಕೂರಿಸಿರುವುದಿಲ್ಲ. ಹಾಗಾಗಿ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು ಪೇಂಟನ್ನು ಅವತ್ತೇ ಗಟ್ಟಿ ಮಾಡಿಬಿಡುತ್ತಾರೆ. ನಾವು ಮತ್ತೆ ಪೇಂಟ್ ಮಾಡಿಸುವಾಗ ಹಾಗಲ್ಲ. ಇಡೀ ಕಾರೇ ಪೇಂಟ್ ಹೊಡೆಯುವ ಕೋಣೆಯ, ಅಂದರೆ ಬೂತ್‌ನ, ಒಳಗೆ ನಿಂತಿರುತ್ತದೆ. ಪ್ಲಾಸ್ಟಿಕ್, ರಬ್ಬರ್ ತಡೆಯಬೇಕಲ್ವಾ? ಅದಕ್ಕೇ 60 ಡಿಗ್ರಿ ಆಸುಪಾಸಿಗೆ ನಿಲ್ಲಿಸುತ್ತಾರೆ. ಹೊರಗೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ. ಒಳಗೆ ಸ್ವಲ್ಪ ಥಿನ್ನರ್ ಉಳಿದಿರುತ್ತದೆ, ಹಾರ್ಡನರ್ ಕೂಡ ಕೆಲಸ ಪೂರ್ತಿ ಮುಗಿಸಿರುವುದಿಲ್ಲ. ಪೇಂಟ್ ನಿಜವಾಗಿ ಗಟ್ಟಿಯಾಗಲು 30ರಿಂದ 90 ದಿನ ಬೇಕು. ಶಾಖ ಕೊಡದೆ ಬರೀ ಗಾಳಿಗೆ ಒಣಗಿಸಿದ್ದರೆ, ಚಳಿ ಅಥವಾ ಮಳೆಯ ದಿನಗಳಾಗಿದ್ದರೆ, 90 ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ವ್ಯಾಕ್ಸ್, ಸೀಲಂಟ್, ಸೆರಾಮಿಕ್ ಕೋಟಿಂಗ್ ಎಲ್ಲವೂ ಪೇಂಟ್ ಮೇಲೆ ಮುಚ್ಚಳ ಹಾಕಿದ ಹಾಗೆ. ಒಳಗಿನ ಆವಿ ಹೊರಗೆ ಬರಲು ದಾರಿ ಸಿಗುವುದಿಲ್ಲ. ಪೇಂಟ್ ಮೆತ್ತಗೇ ಉಳಿಯುತ್ತದೆ, ಮಬ್ಬಾಗುತ್ತದೆ, ಕೆಲವೊಮ್ಮೆ ಸಣ್ಣ ಗುಳ್ಳೆ ಏಳುತ್ತದೆ. ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ಗಟ್ಟಿಯಾಯಿತೋ ಇಲ್ಲವೋ ನೋಡಲು ನಾನು ಇಂಧನ ಟ್ಯಾಂಕ್ ಮುಚ್ಚಳದ ಒಳಮಗ್ಗುಲಿಗೆ ಹೋಗುತ್ತೇನೆ. ಅಲ್ಲೂ ಪೇಂಟ್ ಬಿದ್ದಿರುತ್ತದೆ, ಯಾರ ಕಣ್ಣಿಗೂ ಬೀಳುವ ಜಾಗ ಅಲ್ಲ. ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಒತ್ತಿ ತೆಗೆಯಿರಿ. ಬಿದಿಗೆ ಚಂದ್ರನ ಹಾಗೆ ಸಣ್ಣ ಗೆರೆ ಮೂಡಿದರೆ ಇನ್ನೂ ಎರಡು ವಾರ ಬಿಟ್ಟುಬಿಡಿ. ಬಿಸಿಲಲ್ಲಿ ನಿಂತ ಕಾರಿನ ಹತ್ತಿರ ಮೂಗು ಒಯ್ದಾಗ ಪೇಂಟ್ ವಾಸನೆ ಬಂದರೂ ಅಷ್ಟೇ, ಇನ್ನೂ ಕಾಯಬೇಕು.

ಶೆಡ್‌ನವರು ಎರಡನೇ ದಿನಕ್ಕೇ ಬಫಿಂಗ್, ಅಂದರೆ ಮಷಿನ್‌ನಿಂದ ಉಜ್ಜಿ ಹೊಳಪು, ಮಾಡಿ ಕೊಡುತ್ತಾರಲ್ಲ ಅಂತ ಕೇಳಬಹುದು. ಒಳ್ಳೆಯ ಶೆಡ್‌ನಲ್ಲಿ ವ್ಯಾಕ್ಸ್, ಸಿಲಿಕಾನ್ ಇಲ್ಲದ ಕಾಂಪೌಂಡ್ (ಉಜ್ಜುವ ಪೇಸ್ಟ್) ಬಳಸುತ್ತಾರೆ. ಅದು ಮೇಲ್ಮೈಯನ್ನು ಮುಚ್ಚುವುದಿಲ್ಲ. ಆದರೆ ಥಿನ್ನರ್ ಹೋದ ಹಾಗೆ ಪೇಂಟ್ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದಾಗ ಹೊಳಪು ಇಳಿಯುತ್ತದೆ, ಕೆಳಗಿನ ಪುಟ್ಟಿ ಉಜ್ಜಿದ ಗೆರೆಗಳೂ ಕೆಲವೊಮ್ಮೆ ಕಾಣುತ್ತವೆ. ಮನೆಯಲ್ಲಿ ಮಾಡುವವರು ಕುಗ್ಗುವುದೆಲ್ಲ ಮುಗಿದ ಮೇಲೆ ಒಂದೇ ಸಲ ಮಾಡುವುದು ಮೇಲು.

ಈ ದಿನಗಳಲ್ಲಿ

ಮೊದಲ ವಾರ ತೊಳೆಯಬೇಡಿ. ಆಮೇಲೆ ನೆರಳಲ್ಲಿ, ತಣ್ಣೀರು ಮತ್ತು ಕಾರ್ ಶಾಂಪೂ ಸಾಕು. ಬ್ರಷ್ ತಿರುಗುವ ಆಟೋಮ್ಯಾಟಿಕ್ ವಾಶ್ ಬೇಡ. ಪ್ರೆಶರ್ ಗನ್ ಹಿಡಿದರೆ ಎರಡು ಅಡಿ ದೂರದಲ್ಲಿರಲಿ. ಬಂಪರ್ ಅಂಚಿಗೆ, ಮಾಸ್ಕಿಂಗ್ ಟೇಪ್ ಹಾಕಿದ್ದ ಗೆರೆಗೆ ನೇರ ಹೊಡೆದರೆ ಹೊಸ ಪೇಂಟ್ ಎದ್ದು ಬರುತ್ತದೆ.

ಕವರ್ ಹಾಕಬೇಡಿ. ಆವಿ, ತೇವ ಎರಡೂ ಒಳಗೇ ಉಳಿಯುತ್ತವೆ. ಗಾಳಿಗೆ ಕವರ್ ಅಲ್ಲಾಡಿದಾಗ ಧೂಳೇ ಪೇಂಟನ್ನು ಉಜ್ಜುತ್ತದೆ. ಮನೆಯವರಿಗೆಲ್ಲ ಇನ್ನೊಂದು ಮಾತು ಹೇಳಿಡಿ: ಒಣ ಬಟ್ಟೆಯಲ್ಲಿ ಧೂಳು ಒರೆಸುವುದು ಬೇಡ. ಧೂಳೆಂದರೆ ಸಣ್ಣ ಮರಳು. ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ ಮೇಲೆ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೀರು ಕಾಣುತ್ತವಲ್ಲ, ಅವುಗಳಲ್ಲಿ ಹೆಚ್ಚಿನವು ಬರುವುದು ಆ ಬಟ್ಟೆಯಿಂದಲೇ. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸಿ ಹೊಳಪು ತರುವವರೂ ಇದ್ದಾರೆ. ಒರೆಸಿದ ಹೊತ್ತಿಗೆ ಹೊಳೆಯುತ್ತದೆ ನಿಜ. ಎಣ್ಣೆಯ ಪಸೆಗೆ ಧೂಳು ಅಂಟುತ್ತದೆ, ಎಳೆ ಪೇಂಟ್ ಮೆತ್ತಗಾಗುತ್ತದೆ. ಖಂಡಿತ ಬೇಡ.

ಪಾಲಿಶ್ ದಿನ

ಚೆನ್ನಾಗಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒಣಗಿಸಿ, ನೆರಳಿಗೆ ತನ್ನಿ.

ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇದೆಯೋ ಇಲ್ಲವೋ ತಿಳಿದುಕೊಳ್ಳಿ. ಮರೆಯಾದ ಜಾಗದಲ್ಲಿ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಇಲ್ಲ, ನೀವು ಉಜ್ಜುತ್ತಿರುವುದು ಬಣ್ಣವನ್ನೇ. ಕ್ಲಿಯರ್ ಇದ್ದರೂ ಅದರ ದಪ್ಪ ಸಾಮಾನ್ಯವಾಗಿ 40ರಿಂದ 60 ಮೈಕ್ರಾನ್. ತಲೆಗೂದಲಿನ ದಪ್ಪ 70ರ ಆಸುಪಾಸು ಇರುತ್ತದೆ. ಅಂದರೆ ಕೂದಲಿಗಿಂತ ತೆಳು. ಪ್ರತಿ ಪಾಲಿಶ್ ಅದರಲ್ಲೇ ಸ್ವಲ್ಪ ತಿನ್ನುತ್ತದೆ. ತೆಗೆದದ್ದನ್ನು ವಾಪಸ್ ಹಾಕುವ ಡಬ್ಬಿ ಎಲ್ಲೂ ಸಿಗುವುದಿಲ್ಲ.

ಪೇಂಟ್ ಹೊಡೆಯುವಾಗ ಕೂತ ಧೂಳಿನ ಕಣಗಳು ಬೆರಳಿಗೆ ತಗುಲಿದರೆ ಅಷ್ಟು ಜಾಗಕ್ಕೆ ಮಾತ್ರ ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದ) ಹಿಡಿಯಿರಿ. 2000 ನಂಬರ್ ಪೇಪರ್, ಆಮೇಲೆ 3000. ಎರಡನ್ನೂ ಶಾಂಪೂ ನೀರಲ್ಲಿ ಕಾಲು ಗಂಟೆ ನೆನೆಹಾಕಿ. ಬೆರಳಿನಿಂದ ಒತ್ತಬೇಡಿ, ಬೆರಳಿನ ಗುರುತಿಗೆ ಹಳ್ಳ ಬೀಳುತ್ತದೆ. ಸಣ್ಣ ರಬ್ಬರ್ ತುಂಡಿಗೆ ಪೇಪರ್ ಸುತ್ತಿ ನಾಲ್ಕೈದು ಸಲ ಉಜ್ಜಿ, ನೀರು ಒರೆಸಿ ನೋಡಿ. ಉಜ್ಜಿದ ಜಾಗ ಒಂದೇ ಸಮ ಮಂಕಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಇಡೀ ಕಾರಿಗೆ ಪೇಪರ್ ಹೊಡೆಯುವ ಸಾಹಸ ಮನೆಯಲ್ಲಿ ಬೇಡ.

ಜನ ಎಡವುವುದು ಮಷಿನ್ ಹತ್ತಿರ

ಪಾಲಿಶ್ ಮಾಡಲು ನನ್ನ ಆಯ್ಕೆ ಡ್ಯುಯಲ್ ಆಕ್ಷನ್ ಮಷಿನ್ ಮಾತ್ರ. ಅದು ತಿರುಗುತ್ತಾ ಅಲ್ಲಾಡುತ್ತದೆ, ಶಾಖ ಒಂದೇ ಕಡೆ ನಿಲ್ಲುವುದಿಲ್ಲ. ರೋಟರಿ ಮಷಿನ್ ಒಂದೇ ಅಚ್ಚಿನಲ್ಲಿ ತಿರುಗುತ್ತದೆ, ಕೈ ಪಳಗದವರು ಹಿಡಿದರೆ ಕ್ಷಣದಲ್ಲಿ ಸುಡುತ್ತದೆ. ನನ್ನ ತಮ್ಮ ಹೊಸ ಪೇಂಟ್ ಹೊಡೆಸಿದ ಬಾನೆಟ್‌ಗೆ ರೋಟರಿ ಹಿಡಿದಾಗ ಪಕ್ಕದಲ್ಲೇ ನಿಂತಿದ್ದೆ. ಬಾನೆಟ್ ಮಧ್ಯದ ಏಣಿನ ಮೇಲೆ ಎರಡು ಸೆಕೆಂಡ್ ನಿಂತಿತು, ಅಷ್ಟೇ. ಹುಣಸೆ ಬೀಜದಷ್ಟು ಜಾಗದಲ್ಲಿ ಕೆಂಪು ಹೋಗಿ ಬೂದು ಪ್ರೈಮರ್ ಕಂಡಿತು. ಆ ಒಂದು ಚುಕ್ಕೆಗೆ ಇಡೀ ಬಾನೆಟ್ ಮತ್ತೆ ಪೇಂಟ್‌ಗೆ ಹೋಯಿತು.

ಏಣು, ಅಂಚುಗಳಲ್ಲಿ ಪೇಂಟ್ ಮೊದಲೇ ತೆಳು. ಒದ್ದೆ ಪೇಂಟ್ ಅಲ್ಲಿಂದ ಜಾರಿ ಸಮತಟ್ಟಿನ ಕಡೆ ಹೋಗಿರುತ್ತದೆ. ಮಷಿನ್ ಒತ್ತಡವೆಲ್ಲ ಬೀಳುವುದೂ ಆ ಏಣಿನ ಮೇಲೇ. ಹಾಗಾಗಿ ಬಾಗಿಲಿನ ಅಂಚು, ಬಾಡಿಯ ಏಣು, ಬಾನೆಟ್ ತುದಿ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಕೊನೆಗೆ ಟೇಪ್ ಕಿತ್ತು ಅಷ್ಟನ್ನು ಕೈಯಲ್ಲೇ ಮಾಡಿ.

ಫೋಮ್ ಪ್ಯಾಡ್ ಹಾಕಿ. ಉಣ್ಣೆ ಪ್ಯಾಡ್ ಬೇಗ ಕೆಲಸ ಮಾಡುತ್ತದೆ, ಬೇಗ ಕೆಡಿಸುತ್ತದೆ ಕೂಡ. ಪ್ಯಾಡ್ ಮೇಲೆ ಕಡಲೆಕಾಳಿನಷ್ಟು ನಾಲ್ಕು ಹನಿ ಪಾಲಿಶ್. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಮಾತ್ರ ಹಿಡಿಯಿರಿ. ಮಷಿನ್ ಆಫ್ ಇದ್ದಾಗಲೇ ಪ್ಯಾಡನ್ನು ಕಾರಿಗೆ ತಾಗಿಸಿ, ಅಲ್ಲಿ ಇಲ್ಲಿ ಒತ್ತಿ ಪಾಲಿಶ್ ಹರಡಿ. ಆಮೇಲೆ ಕಡಿಮೆ ಸ್ಪೀಡಲ್ಲಿ ಆನ್ ಮಾಡಿ. ಗಾಳಿಯಲ್ಲೇ ಆನ್ ಮಾಡಿದರೆ ಪಾಲಿಶ್ ಗೋಡೆಗೆಲ್ಲ ಸಿಡಿಯುತ್ತದೆ.

ಸ್ಪೀಡ್ ಏರಿಸಿದ ಮೇಲೆ ಮಷಿನ್‌ನ ತೂಕವೇ ಸಾಕು, ಮೇಲಿಂದ ಒತ್ತಬೇಡಿ. ಪ್ಯಾಡ್ ಚಪ್ಪಟೆಯಾಗಿ ಕೂತಿರಲಿ. ಓರೆಯಾದರೆ ತುದಿ ಒಂದೇ ಕೊರೆಯುತ್ತದೆ. ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನ ಸಾಗಿಸಿ. ಎಡದಿಂದ ಬಲಕ್ಕೆ ಒಂದು ಸಾಲು, ಮುಂದಿನ ಸಾಲು ಅದರ ಅರ್ಧದ ಮೇಲೆ ಬರಬೇಕು. ಅದು ಮುಗಿದ ಮೇಲೆ ಮೇಲಿಂದ ಕೆಳಕ್ಕೆ. ಇಂಥ ನಾಲ್ಕು ಸುತ್ತು. ನಡುನಡುವೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಹಿಂದೆ ಎಳೆದುಕೊಳ್ಳುವಷ್ಟು ಬಿಸಿಯಿದ್ದರೆ ನಿಲ್ಲಿಸಿ. ಬಂಪರ್‌ನಲ್ಲಿ ಇನ್ನೂ ಹುಷಾರು. ತಗಡು ಶಾಖವನ್ನು ಸುತ್ತ ಹಂಚುತ್ತದೆ, ಪ್ಲಾಸ್ಟಿಕ್ ಹಂಚುವುದಿಲ್ಲ.

ಪ್ರತಿ ಜಾಗ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ ಸ್ವಚ್ಛ ಮಾಡಿ. ಪ್ಯಾಡ್ ನೆಲಕ್ಕೆ ಬಿತ್ತೋ, ತೊಳೆಯದೆ ಮತ್ತೆ ಮುಟ್ಟಿಸಬೇಡಿ. ಅದರಲ್ಲಿ ಸೇರಿದ ಒಂದೇ ಒಂದು ಮರಳಿನ ಕಣ ಸಾಕು.

ಪಾಲಿಶ್ ಕೊಳ್ಳುವಾಗ ಇಷ್ಟು ನೋಡಿ. ಹಚ್ಚಿದ ಕೂಡಲೇ ಗೀರು ಮಾಯ ಅನ್ನುವ ಅಗ್ಗದ ಡಬ್ಬಿಗಳಲ್ಲಿ ಎಷ್ಟೋ ಸಲ ಗೀರು ತುಂಬುವ ಎಣ್ಣೆ, ಸಿಲಿಕಾನ್ ಇರುತ್ತದೆ. ನಾಲ್ಕು ಸಲ ತೊಳೆದರೆ ಗೀರು ಮತ್ತೆ ಹಾಜರ್. ಮುಂದೆ ಟಚಪ್ ಮಾಡಿಸಬೇಕಾದಾಗ ಅದೇ ಸಿಲಿಕಾನ್ ಮೇಲೆ ಪೇಂಟ್ ಹಿಡಿಯದೆ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಡಬ್ಬಿ ಮೇಲೆ ಸಿಲಿಕಾನ್ ಇಲ್ಲ, ಹೊಸ ಪೇಂಟ್‌ಗೆ ಆಗುತ್ತದೆ ಅಂತ ಬರೆದಿರುವುದನ್ನೇ ಕೇಳಿ ತನ್ನಿ.

ವ್ಯಾಕ್ಸ್, ಆಮೇಲಿನ ಆರೈಕೆ

90 ದಿನ ಕಳೆದ ಮೇಲೆ ವ್ಯಾಕ್ಸ್. ತೆಳ್ಳಗೆ ಹಚ್ಚಿ, ಮಸುಕಾದ ಮೇಲೆ ಒರೆಸಿ. ದಪ್ಪ ಹಚ್ಚಿದರೆ ಹೊಳಪೇನೂ ಜಾಸ್ತಿ ಬರುವುದಿಲ್ಲ, ಒರೆಸಲು ಕಷ್ಟ ಅಷ್ಟೇ. ನೀರು ಬಿದ್ದಾಗ ಮಣಿ ಮಣಿಯಾಗಿ ನಿಲ್ಲುವುದು ನಿಂತರೆ ಮತ್ತೆ ಒಂದು ಕೈ ಹಚ್ಚಿ.

ಹಕ್ಕಿ ಹಿಕ್ಕೆ ಬಿದ್ದರೆ ಮಾತ್ರ ಭಾನುವಾರದವರೆಗೆ ಕಾಯಬೇಡಿ. ಬಿಸಿಲಿಗೆ ಅದು ಒಣಗಿ ಪೇಂಟನ್ನು ಕಚ್ಚುತ್ತದೆ, ಎಳೆ ಪೇಂಟ್‌ನಲ್ಲಿ ಒಂದೇ ಮಧ್ಯಾಹ್ನಕ್ಕೆ ಗುರುತು ಉಳಿಯಬಹುದು. ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿಡಿ, ನೆನೆದು ಮೆತ್ತಗಾದ ಮೇಲೆ ಉಜ್ಜದೆ ಎತ್ತಿ ತೆಗೆಯಿರಿ, ಉಳಿದದ್ದಕ್ಕೆ ನೀರು ಹಾಕಿ. ನಾನು ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಮೈಕ್ರೋಫೈಬರ್ ಬಟ್ಟೆಯನ್ನು ಇದಕ್ಕಂತಲೇ ಇಟ್ಟುಕೊಂಡಿರುತ್ತೇನೆ.