ಸಿಮ್ಯುಲೇಟರ್ ಟ್ರೇನಿಂಗಿಗೆ ಫಾರಿನ್ ಹೋಗೋ ಪೈಲಟ್‌ಗಳು ವೀಸಾ ಮಾಡಿಸೋದು ಹೇಗೆ

"ನನ್ನತ್ರ ಅಮೆರಿಕ ವೀಸಾ ಉಂಟಲ್ಲ ಮಾರಾಯ್ರೆ, ಇನ್ನೂ ನಾಲ್ಕು ವರ್ಷ ವ್ಯಾಲಿಡಿಟಿ ಉಂಟು, ಮತ್ತೆ ಎಂತಕ್ಕೆ ಇನ್ನೊಂದು?" ಹೊಸತಾಗಿ ಸೇರಿದ ಕ್ಯಾಪ್ಟನ್‌ಗಳು ನನ್ನತ್ರ ಮೊದಲು ಕೇಳೋದೇ ಇದು. ಪಾಸ್‌ಪೋರ್ಟ್ ಬಿಡಿಸಿ ನೋಡಿದ್ರೆ ಅಲ್ಲಿರೋದು ಸಿ1/ಡಿ. ಅದು ಕ್ರೂ ವೀಸಾ, ಏರ್‌ಲೈನಲ್ಲಿದ್ದಾಗ ಮಾಡಿಸಿದ್ದು. ವಿಮಾನ ತಕ್ಕೊಂಡು ಹೋಗಿ ಹೋಟೆಲಲ್ಲಿ ಮಲಗಿ ವಿಮಾನ ತಕ್ಕೊಂಡು ವಾಪಸ್ ಬರ್ಲಿಕ್ಕೆ ಇರೋದು, ಕೋರ್ಸಿಗೆ ಸೇರಿ ಸಿಮ್ಯುಲೇಟರಲ್ಲಿ, ಅಂದ್ರೆ ನೆಲದ ಮೇಲಿರೋ ನಕಲಿ ಕಾಕ್‌ಪಿಟ್ ಮೆಷೀನಲ್ಲಿ, ಕೂತು ಕಲೀಲಿಕ್ಕೆ ಅಲ್ಲ. ನಾಲ್ಕು ಪಟ್ಟಿ ಹೆಗಲ ಮೇಲಿದ್ರೂ ಟ್ರೇನಿಂಗ್ ಸೆಂಟರಿನ ಬಾಗಿಲಲ್ಲಿ ನೀವು ಸ್ಟೂಡೆಂಟೇ.

ನಾನು ಪೈಲಟ್ ಅಲ್ಲ, ಮೊದಲೇ ಹೇಳ್ತೇನೆ. ಮುಂಬೈಯ ಒಂದು ಚಾರ್ಟರ್ ಕಂಪನಿಯಲ್ಲಿ ಟ್ರೇನಿಂಗ್ ಫೈಲುಗಳನ್ನ ನೋಡೋನು, ಆಫೀಸ್ ಕಲೀನಾ ಕಡೆ, ಮನೆ ಡೊಂಬಿವಲಿಯಲ್ಲಿ, ಲೋಕಲಲ್ಲಿ ಒಂದು ಕೈಯಲ್ಲಿ ನೇತಾಡ್ಕೊಂಡು ಬರೋವಾಗ ಸಹ ಇನ್ನೊಂದು ಕೈಯ ಫೋನಲ್ಲಿ ಇವೇ ಪ್ರಶ್ನೆಗಳು, ಹಾಗಾಗಿ ಒಂದ್ಸಲ ಬರೆದು ಬಿಡುವ ಅಂತ. ಎ320, 737 ಥರದ ಏರ್‌ಲೈನ್ ವಿಮಾನ ಹಾರಿಸೋರಿಗೆ ಈ ತಲೆಬಿಸಿ ಕಮ್ಮಿ, ಅದರ ಸಿಮ್ಯುಲೇಟರುಗಳು ನಮ್ಮಲ್ಲೇ ಉಂಟು, ಗುರುಗ್ರಾಮಕ್ಕೋ ಗ್ರೇಟರ್ ನೋಯ್ಡಾಕ್ಕೋ ಹೋಗಿ ಮುಗಿಸಿ ಬರ್ತಾರೆ. ಬಿಸಿನೆಸ್ ಜೆಟ್‌ನವರ ಪಾಡೇ ಬೇರೆ. ಫಾಲ್ಕನ್ ಆದ್ರೆ ಪ್ಯಾರಿಸ್ ಪಕ್ಕದ ಲೆ ಬೂರ್ಜೆ, ಗಲ್ಫ್‌ಸ್ಟ್ರೀಮ್ ಆದ್ರೆ ಅಮೆರಿಕದ ಸವಾನಾ, ಸೈಟೇಶನ್ ಆದ್ರೆ ವಿಚಿಟಾ, ಕೆಲವು ಟೈಪಿಗೆ ಇಂಗ್ಲೆಂಡಿನ ಬರ್ಜೆಸ್ ಹಿಲ್ ಅಥವಾ ದುಬೈ. ಒಂದ್ಸಲ ಹೋಗಿ ಬಂದ್ರೆ ಮುಗೀತು ಅಂತ ಇಲ್ಲ, ಟೈಪ್ ರೇಟಿಂಗ್ ಅಂದ್ರೆ ಆ ಒಂದು ಮಾಡೆಲ್ ವಿಮಾನ ಹಾರಿಸ್ಲಿಕ್ಕೆ ಬೇಕಾದ ಅರ್ಹತೆ, ಅದು ಆದ್ಮೇಲೆ ರಿಕರೆಂಟ್ ಅಂದ್ರೆ ಮರು ಅಭ್ಯಾಸದ ಕೋರ್ಸು, ಚೆಕ್ಕು ಅಂದ್ರೆ ಪರೀಕ್ಷೆ, ಅಂತ ಪುನಃ ಪುನಃ ಹೋಗ್ಲಿಕ್ಕೇ ಉಂಟು.

ಈಗ ಕೆಲಸ ಎಲ್ಲಿಂದ ಶುರು ಮಾಡೋದು ಅಂದ್ರೆ, ವೀಸಾದಿಂದ ಅಲ್ಲ. ಮೊದಲು ಆ ಟ್ರೇನಿಂಗ್ ಸೆಂಟರಿಗೂ ಆ ಸಿಮ್ಯುಲೇಟರಿಗೂ ನಮ್ಮ ಡಿಜಿಸಿಎ, ಅಂದ್ರೆ ಪೈಲಟ್ ಲೈಸೆನ್ಸ್ ಕೊಡೋ ಸರ್ಕಾರಿ ಸಂಸ್ಥೆ, ಅದರ ಒಪ್ಪಿಗೆ ಉಂಟಾ ನೋಡಿ. ಲಕ್ಷಗಟ್ಟಲೆ ಸುರಿದು ಟ್ರೇನಿಂಗ್ ಮಾಡಿ ಬಂದು, ಇಲ್ಲಿ ಲೈಸೆನ್ಸಿಗೆ ಏರಿಸ್ಲಿಕ್ಕೆ ಆಗದಿದ್ರೆ ಎಂತ ಪ್ರಯೋಜನ. ಆಮೇಲೆ ಸ್ಲಾಟ್ ಬುಕ್ ಮಾಡಿ, ಸೆಂಟರಿನಿಂದ ಲೆಟರ್ ತರಿಸಿ. ಆ ಲೆಟರಲ್ಲಿ ಕೋರ್ಸಿನ ಹೆಸರು, ಇನಿಶಿಯಲ್ಲಾ (ಮೊದಲ ಸಲದ್ದಾ) ರಿಕರೆಂಟಾ, ಯಾವ ತಾರೀಕಿಂದ ಯಾವ ತಾರೀಕು, ದುಡ್ಡು ಯಾರು ಕಟ್ಟಿದ್ದು, ಇಷ್ಟು ಇರ್ಲೇಬೇಕು, ಯಾಕಂದ್ರೆ ಯಾವ ವೀಸಾ ಅಂತ ನಿರ್ಧಾರ ಆಗೋದು ಆ ಕಾಗದದ ಮೇಲೆ. ಮತ್ತೆ ನಿಮ್ಮ ಚೆಕ್ ಯಾವತ್ತು ಲ್ಯಾಪ್ಸ್ ಆಗ್ತದೆ ನೋಡಿ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಅಮೆರಿಕ ಆದ್ರೆ ನಾನು ನಾಲ್ಕು ತಿಂಗಳು ಹಿಂದೆ ಹೋಗ್ತೇನೆ, ಫ್ರಾನ್ಸ್ ಆದ್ರೆ ಎರಡೂವರೆ. ನಿಮಗೆ ಜಾಸ್ತಿ ಅನ್ನಿಸ್ಬಹುದು, ಅನ್ನಿಸ್ಲಿ.

ಅಮೆರಿಕದ ವಿಷಯ ಸ್ವಲ್ಪ ಉದ್ದ. ಬಿ1/ಬಿ2 ಅನ್ನೋ ಬಿಸಿನೆಸ್-ಟೂರಿಸ್ಟ್ ವೀಸಾ ಇಟ್ಕೊಂಡು ಅಲ್ಲಿ ಕೋರ್ಸ್ ಮಾಡೋ ಹಾಗಿಲ್ಲ, ಟೈಪ್ ರೇಟಿಂಗ್ ಅಂದ್ರೆ ಅವರ ಲೆಕ್ಕದಲ್ಲಿ ವೃತ್ತಿ ಶಿಕ್ಷಣ, ಅದಕ್ಕೆ ಎಂ-1 ಅನ್ನೋ ಸ್ಟೂಡೆಂಟ್ ವೀಸಾ. ನಾಲ್ಕೈದು ದಿನದ ರಿಕರೆಂಟಿಗೆ ಹೋಗೋರು ನಿಮ್ಮ ಕೋರ್ಸಿಗೆ ಯಾವ ವೀಸಾ ಅಂತ ಸೆಂಟರಿನವರತ್ರ ಈಮೇಲಲ್ಲಿ ಬರೆಸಿಕೊಳ್ಳಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಹ್ಯಾಂಗರಲ್ಲಿ ಚಾ ಕುಡೀತಾ ಇನ್ನೊಬ್ಬ ಕ್ಯಾಪ್ಟನ್ ಹೇಳಿದ್ದಂತೂ ಲೆಕ್ಕಕ್ಕೇ ಇಲ್ಲ. ಎಂ-1 ಅಂದ್ರೆ ಸೆಂಟರ್ ಐ-20 ಅಂತ ಒಂದು ಫಾರ್ಮ್ ಕಳಿಸ್ತದೆ, ಅದರಲ್ಲಿರೋ ನಂಬರ್ ಹಾಕಿ ಸೆವಿಸ್ (ಅಮೆರಿಕದವರು ವಿದೇಶಿ ಸ್ಟೂಡೆಂಟ್‌ಗಳ ಲೆಕ್ಕ ಇಡೋ ವ್ಯವಸ್ಥೆ) ಫೀಸ್ ಕಟ್ಟೋದು, ಅದು 350 ಡಾಲರ್, ಆಮೇಲೆ ಡಿಎಸ್-160 ಅನ್ನೋ ಆನ್‌ಲೈನ್ ವೀಸಾ ಅರ್ಜಿ ತುಂಬಿಸೋದು, ವೀಸಾ ಫೀಸ್ ನಾನು ಕೊನೇ ಸಲ ಕಟ್ಟಿದಾಗ 185 ಡಾಲರ್ ಇತ್ತು. ವೀಸಾ ಬೇಗ ಸಿಕ್ಕಿತು ಅಂತ ಬೇಗ ಹೋಗಿ ಊರು ನೋಡೋ ಪ್ಲಾನ್ ಬೇಡ, ಐ-20ಯಲ್ಲಿರೋ ಶುರುವಿನ ತಾರೀಕಿಗಿಂತ 30 ದಿನ ಮುಂಚೆ ಒಳಗೆ ಬಿಡೋದಿಲ್ಲ. 2025ರ ಜೂನಿನಿಂದ ಎಫ್, ಎಂ, ಜೆ ವೀಸಾದವರು, ಅಂದ್ರೆ ಸ್ಟೂಡೆಂಟ್ ಮತ್ತು ಎಕ್ಸ್‌ಚೇಂಜ್‌ನವರು, ಸೋಶಿಯಲ್ ಮೀಡಿಯಾ ಅಕೌಂಟುಗಳನ್ನ ಪಬ್ಲಿಕ್ ಮಾಡಿ ಇಡ್ಬೇಕು ಅಂತ ಸಹ ಬಂದಿದೆ. ನಮ್ಮ ಒಬ್ರು ಸೀನಿಯರ್ ಕ್ಯಾಪ್ಟನ್ ಇದನ್ನ ಕೇಳಿ ಒಂದಿಡೀ ಸಂಜೆ ಹಳೇ ಪೋಸ್ಟ್ ಡಿಲೀಟ್ ಮಾಡ್ತಾ ಕೂತಿದ್ರು, ಅದರಲ್ಲಿ ಇದ್ದದ್ದು ಬರೀ ಗುಡ್ ಮಾರ್ನಿಂಗ್ ಫೋಟೋಗಳು.

ಡಿಎಸ್-160ರ ಬಾರ್‌ಕೋಡ್ ನಂಬರೂ ಅಪಾಯಿಂಟ್‌ಮೆಂಟ್ ಬುಕ್ ಮಾಡೋವಾಗ ಹಾಕಿದ ನಂಬರೂ ಒಂದೇ ಇರ್ಬೇಕು. ಇದು ನನ್ನದೇ ಪೆಟ್ಟು ತಿಂದ ಕಥೆ. ಫಾರ್ಮಲ್ಲಿ ಒಂದು ತಪ್ಪು ಕಂಡಿತು ಅಂತ ಹೊಸ ಡಿಎಸ್-160 ತುಂಬಿಸಿದೆ, ಅಪಾಯಿಂಟ್‌ಮೆಂಟಲ್ಲಿ ಹಳೇ ನಂಬರೇ ಉಳೀತು, ಇಂಟರ್‌ವ್ಯೂಗೆ ಎರಡು ದಿನ ಇರೋವಾಗ ನೋಡ್ಕೊಂಡೆ. ಡೇಟ್ ಹೋಯ್ತು, ಸ್ಲಾಟ್ ಹೋಯ್ತು, ಕ್ಯಾಪ್ಟನ್ ಎರಡು ತಿಂಗಳು ನೆಲದ ಮೇಲೆ ಕೂತ್ರು. ಪುಣ್ಯಾತ್ಮ ಬೈಲಿಲ್ಲ, ಆದ್ರೆ ದಿನಾ ಆಫೀಸಿಗೆ ಬಂದು ನನ್ನ ಎದುರಿನ ಕುರ್ಚಿಯಲ್ಲೇ ಕೂರ್ತಿದ್ರು. ಬೈದಿದ್ರೇ ವಾಸಿ ಇತ್ತು.

ವೀಸಾ ಸಿಕ್ಕಿದ್ರೆ ಮುಗೀತಾ, ಇಲ್ಲ, ಟಿಎಸ್‌ಎ ಅನ್ನೋ ಅಮೆರಿಕದ ಸಾರಿಗೆ ಭದ್ರತಾ ಇಲಾಖೆಯ ಕ್ಲಿಯರೆನ್ಸ್ ಬೇರೆಯೇ ಉಂಟು. ಇದು ಯಾಕೆ ಬಂತು ಅಂತ ಗೊತ್ತಿದ್ರೆ ಸಿಟ್ಟು ಸ್ವಲ್ಪ ಕಮ್ಮಿ ಆಗ್ತದೆ. 2001ರ ಆಗಸ್ಟಲ್ಲಿ ಜಕಾರಿಯಸ್ ಮುಸಾವಿ ಅನ್ನೋನು, ಪೈಲಟ್ ಲೈಸೆನ್ಸೇ ಇಲ್ಲದವ, ಮಿನೆಸೋಟಾದ ಒಂದು ಸ್ಕೂಲಿಗೆ 747 ಸಿಮ್ಯುಲೇಟರ್ ಟ್ರೇನಿಂಗ್ ಬೇಕು ಅಂತ ಬಂದ, ಹೆಚ್ಚಿನ ದುಡ್ಡು ಕ್ಯಾಶಲ್ಲೇ ಕೊಟ್ಟ, ಅಲ್ಲಿನವರಿಗೆ ಡೌಟ್ ಬಂದು ಎಫ್‌ಬಿಐಗೆ ಹೇಳಿದ್ರು, 16ಕ್ಕೆ ಅರೆಸ್ಟ್ ಆದ. ಅದಾಗಿ ಒಂದು ತಿಂಗಳೊಳಗೆ ಸೆಪ್ಟೆಂಬರ್ 11. ಆ ವರ್ಷವೇ ಕಾನೂನು ಬಂತು, 12,500 ಪೌಂಡ್ ಅಂದ್ರೆ ಸುಮಾರು 5,670 ಕೆಜಿಗಿಂತ ಭಾರದ ವಿಮಾನದ ಟ್ರೇನಿಂಗಿಗೆ ಬರೋ ವಿದೇಶಿಯರ ಹಿನ್ನೆಲೆ ನೋಡ್ಬೇಕು ಅಂತ. ಆ ಪ್ರೋಗ್ರಾಮಿನ ಹಳೇ ಹೆಸರು ಏಲಿಯನ್ ಫ್ಲೈಟ್ ಸ್ಟೂಡೆಂಟ್ ಪ್ರೋಗ್ರಾಮ್. ಉಡುಪಿಯಿಂದ ಹೋದವ ಏಲಿಯನ್! ಈಗ ಮರ್ಯಾದೆ ಕೊಟ್ಟು ಫ್ಲೈಟ್ ಟ್ರೇನಿಂಗ್ ಸೆಕ್ಯೂರಿಟಿ ಪ್ರೋಗ್ರಾಮ್ ಅಂತಾರೆ. 2024ರ ಜುಲೈ 30ರಿಂದ ಹೊಸ ನಿಯಮ ಜಾರಿಯಲ್ಲಿ ಉಂಟು, ಮುಂಚೆ ಪ್ರತಿ ಕೋರ್ಸಿಗೂ ಹೊಸದಾಗಿ ಪರಿಶೀಲನೆ ಆಗ್ತಿತ್ತು, ಈಗ ಒಂದ್ಸಲ ಕ್ಲಿಯರ್ ಆದ್ರೆ ಐದು ವರ್ಷಕ್ಕೆ ಇರ್ತದೆ, ನಮ್ಮಂಥವರಿಗೆ ದೊಡ್ಡ ಉಪಕಾರ. ಪೋರ್ಟಲಲ್ಲಿ ಅಕೌಂಟ್ ನೀವೇ ಮಾಡ್ಬೇಕು, ಪಾಸ್‌ಪೋರ್ಟ್ ಅಪ್‌ಲೋಡ್, ಫೀಸ್, ಬೆರಳಚ್ಚು ಎಲ್ಲ ಉಂಟು. ಬೆರಳಚ್ಚು ಎಲ್ಲಿ ಕೊಡೋದು ಅಂತ ಸೆಂಟರಿನವರನ್ನ ಮೊದಲೇ ಕೇಳಿ ಇಟ್ಕೊಳ್ಳಿ.

ಇನ್ನು ಹೆಸರಿನ ಗೋಳು, ಇದು ನಮ್ಮೋರಿಗೇ ಜಾಸ್ತಿ. ಒಂದು ಉದಾಹರಣೆ ಇಟ್ಕೊಳ್ಳಿ, ಮನೆಯಲ್ಲಿ ಇಟ್ಟ ಹೆಸರು ಸುರೇಶ, ಶಾಲೆಯಲ್ಲಿ ಕೆ. ಸುರೇಶ, ಡಿಜಿಸಿಎ ಲೈಸೆನ್ಸಲ್ಲಿ ಸುರೇಶ ಕೆ, ಪಾಸ್‌ಪೋರ್ಟ್ ಮಾಡಿಸೋವಾಗ ಇನಿಶಿಯಲ್ ಬಿಡಿಸಿ ಅಂದ್ರು ಅಂತ ಸುರೇಶ ಕಟಪಾಡಿ. ಈಗ ಕೌಂಟರಲ್ಲಿ ಕೂತ ಬಿಳಿಯರಿಗೆ ಕಟಪಾಡಿ ಅಂದ್ರೆ ನನ್ನ ಅಪ್ಪ ಅಲ್ಲ, ಮಟ್ಟುಗುಳ್ಳ ಬೆಳೆಯೋ ಕಡೆಯ ಊರು ಅಂತ ಹೇಳ್ತಾ ಕೂರ್ಲಿಕ್ಕೆ ಆಗ್ತದಾ? ಐ-20, ಡಿಎಸ್-160, ಟಿಎಸ್‌ಎ, ಟಿಕೆಟ್, ಇನ್ಶೂರೆನ್ಸ್ ಎಲ್ಲದರಲ್ಲೂ ಪಾಸ್‌ಪೋರ್ಟಲ್ಲಿ ಹೇಗುಂಟೋ ಹಾಗೇ, ಒಂದು ಅಕ್ಷರ ಆಚೀಚೆ ಇಲ್ಲ. ಲೈಸೆನ್ಸಿನ ಹೆಸರು ಬೇರೆ ಇದ್ರೆ ಪ್ರವಾಸಕ್ಕೆ ಮುಂಚೆಯೇ ಡಿಜಿಸಿಎಯಲ್ಲಿ ಸರಿ ಮಾಡಿಸಿ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ರೆ ಅಮೆರಿಕದವರು ಇದ್ದ ಒಂದು ಹೆಸರನ್ನ ಸರ್‌ನೇಮ್ ಮಾಡಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕ್ತಾರೆ, ಫಸ್ಟ್ ನೇಮ್ ಅನ್‌ನೋನ್ ಅಂತ, ಮತ್ತೆ ಆ ಟ್ರೇನಿಂಗ್ ಮುಗಿಯೋವರೆಗೆ ಎಲ್ಲರೂ ನಿಮ್ಮನ್ನ ಫ್ನೂ ಅಂತಲೇ ಕರೀತಾರೆ. ದುಬೈಯಲ್ಲಿ ಇನ್ನೂ ಖಡಕ್, 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದ್ರು, ತಂದೆ ಹೆಸರು ಪಾಸ್‌ಪೋರ್ಟಲ್ಲಿ ನಮೂದಾಗಿದ್ರೆ ಆಗ್ತದೆ ಅಂತ ಆಮೇಲೆ ಸ್ವಲ್ಪ ಸಡಿಲ ಮಾಡಿದ್ರು. ರಿಸ್ಕ್ ಯಾಕೆ, ಪಾಸ್‌ಪೋರ್ಟೇ ಸರಿ ಮಾಡಿಸಿಕೊಳ್ಳಿ.

ಅಮೆರಿಕ ವೀಸಾದ ಇಂಟರ್‌ವ್ಯೂ ಇರೋದು ಮುಂಬೈಯ ಬಿಕೆಸಿ, ಅಂದ್ರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಅಲ್ಲಿನ ಕಾನ್ಸುಲೇಟಲ್ಲಿ. ಬೆರಳಚ್ಚು, ಫೋಟೋ ಅದಕ್ಕೆ ಮುಂಚೆ ಬೇರೆ ಸೆಂಟರಲ್ಲಿ, ಎರಡೂ ಒಂದೇ ಅಂದ್ಕೊಂಡು ಒಂದನ್ನ ತಪ್ಪಿಸಿದವರು ಉಂಟು. ಮುಂಚೆ ಬಾಂದ್ರಾದಲ್ಲೋ ಕುರ್ಲಾದಲ್ಲೋ ಇಳಿದು ರಿಕ್ಷಾದವನತ್ರ ಜಗಳ ಮಾಡಿ ಹೋಗ್ಬೇಕಿತ್ತು, 2024ರ ಅಕ್ಟೋಬರಿನಿಂದ ಭೂಗತ ಮೆಟ್ರೋ ಬಿಕೆಸಿಗೇ ಬರ್ತದೆ. ಬ್ಯಾಗು, ಲ್ಯಾಪ್‌ಟಾಪ್ ಮನೆಯಲ್ಲಿ ಬಿಡಿ, ಇಡ್ಲಿಕ್ಕೆ ಅಲ್ಲಿ ಜಾಗ ಇಲ್ಲ. ಕಾಗದ ಎಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರಲ್ಲಿ, ಜುಲೈ ಆದ್ರೆ ಎರಡು ಪ್ಲಾಸ್ಟಿಕ್.

ಒಳಗೆ ಎಂತ ಹೇಳೋದು? ಪೈಲಟ್‌ಗಳ ದೊಡ್ಡ ರೋಗ ಅಂದ್ರೆ ಜಾಸ್ತಿ ವಿವರಿಸೋದು. ಒಬ್ರು ವಿ1 ಕಟ್, ಸ್ಟೀಪ್ ಟರ್ನ್, ಸಿಂಗಲ್ ಎಂಜಿನ್ ಅಪ್ರೋಚ್ ಅಂತ ಪೂರಾ ಸಿಲಬಸ್ ಹೇಳ್ಲಿಕ್ಕೆ ಹೊರಟು, ಎದುರಿನವರು ಹಾಗಾದ್ರೆ ನೀವು ನಮ್ಮ ದೇಶದಲ್ಲಿ ವಿಮಾನ ಹಾರಿಸ್ತೀರಾ ಅಂತ ಕೇಳಿ, ಇವರು ಬೆವರಿ... ಅಷ್ಟೆಲ್ಲ ಬೇಡ. ನಾನು ಹೇಳಿಕೊಡೋದು ಇಷ್ಟೇ: ನಾನು ಮುಂಬೈಯ ಇಂಥ ಕಂಪನಿಯ ಪೈಲಟ್, ಈ ವಿಮಾನದ ಸಿಮ್ಯುಲೇಟರ್ ನಮ್ಮ ದೇಶದಲ್ಲಿಲ್ಲ, ಮೂರು ವಾರದ ಕೋರ್ಸು, ಪೂರಾ ನೆಲದ ಮೇಲಿನ ಮೆಷೀನಲ್ಲಿ, ಖರ್ಚು ಕಂಪನಿಯದ್ದು, ಮುಗಿಸಿ ವಾಪಸ್ ಬಂದು ಅದೇ ವಿಮಾನ ಹಾರಿಸ್ತೇನೆ. ಅವರು ಕೇಳಿದ್ರೆ ಮಾತ್ರ ಮುಂದಿನ ಮಾತು. ಕಂಪನಿಯ ಲೆಟರ್, ಫೀಸ್ ಕಟ್ಟಿದ ರಶೀದಿ, ಸ್ಯಾಲರಿ ಸ್ಲಿಪ್ಪು, ಲೈಸೆನ್ಸ್ ಕಾಪಿ ಕೈಯಲ್ಲಿ ಇರ್ಲಿ, ಕೇಳದೆ ತಳ್ಳ್ಬೇಡಿ.

ಫ್ರಾನ್ಸಿಗೆ ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶಾರ್ಟ್ ಸ್ಟೇ ಸಾಕು, 180 ದಿನದಲ್ಲಿ 90 ದಿನದ ಲೆಕ್ಕ. ಫೀಸ್ 2024ರ ಜೂನಿನಿಂದ 90 ಯೂರೋ, ಅರ್ಜಿ ತಕ್ಕೊಳ್ಳೋ ಏಜೆನ್ಸಿ ವಿಎಫ್‌ಎಸ್‌ನವರ ಚಾರ್ಜ್ ಬೇರೆ. 30,000 ಯೂರೋ ಕವರ್ ಇರೋ ಇನ್ಶೂರೆನ್ಸ್, ಹತ್ತು ವರ್ಷದೊಳಗೆ ಕೊಟ್ಟ ಪಾಸ್‌ಪೋರ್ಟ್, ಎರಡು ಖಾಲಿ ಪುಟ. ಖಾಲಿ ಪುಟ ಅಂದ್ರೆ ನಗಬೇಡಿ, ಚಾರ್ಟರ್ ಪೈಲಟ್ ಪಾಸ್‌ಪೋರ್ಟಲ್ಲಿ ಸೀಲ್ ಬೀಳದ ಪುಟ ಹುಡುಕೋದೇ ಒಂದು ಕೆಲಸ. ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕ್ಬಹುದು. ಮೂರು ವರ್ಷದಲ್ಲಿ ಎರಡು ಶೆಂಗೆನ್ ವೀಸಾ ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಕೊಡ್ತೇವೆ ಅಂತ 2024ರ ಏಪ್ರಿಲಲ್ಲಿ ಹೊಸ ಪದ್ಧತಿ ತಂದಿದ್ದಾರೆ, ಹಾಗಾಗಿ ಹಳೇ ವೀಸಾ ಪುಟಗಳ ಕಾಪಿ ಸಹ ಫೈಲಿಗೆ ಹಾಕಿ.

ಇಲ್ಲಿ ನಿಜವಾದ ಸಮಸ್ಯೆ ಬೇರೆ. ಅರ್ಜಿ ಜೊತೆ ಪಾಸ್‌ಪೋರ್ಟ್ ವೀಸಾ ಆಫೀಸಿನ ಒಳಗೆ ಹೋದ್ರೆ ಪೈಲಟ್ ದೇಶದ ಹೊರಗೆ ಹಾರೋ ಹಾಗಿಲ್ಲ. ಶೇಠ್‌ಜಿಗೆ ನಾಳೆ ಮಾಲ್ಡೀವ್ಸ್ ಹೋಗ್ಬೇಕು, ಕ್ಯಾಪ್ಟನ್ ಪಾಸ್‌ಪೋರ್ಟ್ ಎಲ್ಲೋ ಡಬ್ಬಿಯಲ್ಲಿ. ಅರ್ಜಿ ಹಾಕೋ ಮುಂಚೆ ಆಪರೇಶನ್ಸಿನವರತ್ರ ಕೂತು ಮೂರು ವಾರ ಬರೀ ಡೊಮೆಸ್ಟಿಕ್ ರೋಸ್ಟರ್ ಹಾಕಿಸಿಕೊಳ್ಳಿ, ಬಾಯಿಮಾತಲ್ಲಿ ಅಲ್ಲ, ಈಮೇಲಲ್ಲಿ. ಯುಕೆಗೆ ಎಕ್ಸ್‌ಟ್ರಾ ದುಡ್ಡು ಕೊಟ್ರೆ ಅರ್ಜಿ ನಡೀತಿರೋವಾಗ ಪಾಸ್‌ಪೋರ್ಟ್ ನಿಮ್ಮತ್ರವೇ ಇಟ್ಕೊಳ್ಳೋ ಸೌಲಭ್ಯ ಉಂಟು, ನಮ್ಮ ಕೆಲಸದವರಿಗೆ ಅದು ದಂಡ ಅಲ್ಲ. ಯುಕೆಯಲ್ಲಿ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ, ಪ್ರಯಾಣಕ್ಕೆ ಮೂರು ತಿಂಗಳೊಳಗೆ ಅರ್ಜಿ. ಹೊರದೇಶದ ಕಂಪನಿಯ ನೌಕರರು ತಮ್ಮಲ್ಲಿ ಸಿಗದ ಟ್ರೇನಿಂಗಿಗೆ ಬರ್ಬಹುದು ಅಂತ ಅವರ ನಿಯಮದಲ್ಲೇ ಉಂಟು, ಕಂಪನಿ ಲೆಟರಲ್ಲಿ ಈ ವಿಷಯ ಸ್ಪಷ್ಟ ಇರ್ಲಿ.

ಉಳಿದದ್ದು ಬೇಗ ಹೇಳ್ತೇನೆ. ಕೆನಡಾದಲ್ಲಿ ಆರು ತಿಂಗಳೊಳಗಿನ ಕೋರ್ಸಿಗೆ ಸ್ಟಡಿ ಪರ್ಮಿಟ್ ಬೇಡ, ವಿಸಿಟರ್ ವೀಸಾ ಬೇಕೇ ಬೇಕು, ಬೇಗ ಸಿಗ್ತದೆ ಅಂತ ನಂಬ್ಕೊಂಡು ಸ್ಲಾಟ್ ಹಾಕ್ಬೇಡಿ. ಸಿಂಗಾಪುರದ್ದು ಅಧಿಕೃತ ಏಜೆಂಟ್ ಮೂಲಕ ಆನ್‌ಲೈನಲ್ಲೇ ಆಗ್ತದೆ, ಫಾರ್ಮ್ 14ಎ, ಅಲ್ಲಿ ಇಳಿಯೋ ಮುಂಚಿನ ಮೂರು ದಿನದೊಳಗೆ ಅರೈವಲ್ ಕಾರ್ಡ್ ತುಂಬಿಸ್ಲಿಕ್ಕೆ ಮರೀಬೇಡಿ. ದುಬೈ ಸುಲಭ, ಎಷ್ಟೋ ಸಲ ಟ್ರೇನಿಂಗ್ ಸೆಂಟರೋ ಹೋಟೆಲ್ಲೋ ವೀಸಾ ಮಾಡಿಕೊಡ್ತದೆ, ಸುಲಭ ಅಂತಲೇ ಎಲ್ಲರೂ ಕೊನೇ ವಾರಕ್ಕೆ ಬಿಡ್ತಾರೆ.

ಹೊರಡೋ ದಿನ ಟ್ರೇನಿಂಗ್ ಲೆಟರ್, ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಅಮೆರಿಕಕ್ಕಾದ್ರೆ ಐ-20, ಇವೆಲ್ಲ ಕೈಚೀಲದಲ್ಲಿ. ಚೆಕ್-ಇನ್ ಬ್ಯಾಗಲ್ಲಿ ಹಾಕಿ ಇಮಿಗ್ರೇಶನ್ ಕೌಂಟರಲ್ಲಿ ನಿಂತು ನನಗೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದವರು ಉಂಟು, ಡೊಂಬಿವಲಿಯಿಂದ ನಾನೇನು ಮಾಡ್ಲಿ. ಮತ್ತೆ ಕೋರ್ಸ್ ಮುಗಿದ ದಿನ ಟ್ಯಾಕ್ಸಿ ಹತ್ತೋ ಮುಂಚೆ ಸರ್ಟಿಫಿಕೇಟು, ಸಿಮ್ಯುಲೇಟರ್ ಗಂಟೆಗಳ ಲೆಕ್ಕ, ಎಕ್ಸಾಮಿನರ್ ಸಹಿ ಮಾಡಿದ ಚೆಕ್ ಫಾರ್ಮ್ ಮೂರನ್ನೂ ಬಿಡಿಸಿ ನೋಡಿ, ಹೆಸರು, ತಾರೀಕು, ಸಹಿ, ಸೀಲು. ಸೀಲ್ ಬಿಟ್ಟು ಹೋಗಿದ್ರೆ ಅಲ್ಲೇ ಹಾಕಿಸಿ, ಆ ಒಂದು ಸೀಲಿಗೋಸ್ಕರ ಪುನಃ ನನಗೆ ವಿಚಿಟಾಕ್ಕೆ ಈಮೇಲ್ ಹಾಕ್ಲಿಕ್ಕೆ ಇಡ್ಬೇಡಿ.