ಎಸ್‌ಎಟಿ, ಪಿಎಸ್‌ಎಟಿ, ಎಪಿ: ದಾವಣಗೆರೆ, ದುರ್ಗದಿಂದ ಅಮೆರಿಕಕ್ಕೆ ಬಂದ ಹೆತ್ತವರಿಗೆ

ಊರಲ್ಲಿ ಪಿಯುಸಿ ಓದುವ ಮಕ್ಕಳಿರುವ ಮನೆಯ ಲೆಕ್ಕ ನೇರ. ಇಂಜಿನಿಯರಿಂಗ್‌ಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅದರ ಮೇಲೆ ಬಂದ ರ್‍ಯಾಂಕ್ ಹಿಡಿದು, ಹಿಂದಿನ ವರ್ಷದ ಕಟ್ ಆಫ್ ನೋಡಿದರೆ ಬಿಐಇಟಿ ಸಿಗುತ್ತೋ, ಯುಬಿಡಿಟಿ ಸಿಗುತ್ತೋ, ದುರ್ಗದ ಎಸ್‌ಜೆಎಂಐಟಿಗೆ ಹೋಗಬೇಕೋ ಎಂದು ಒಂದು ಅಂದಾಜು ಸಿಗುತ್ತದೆ. ಇಲ್ಲಿಗೆ ಬಂದವರು ಅದೇ ರೂಢಿಯಲ್ಲಿ ‘ಎಸ್‌ಎಟಿ ಎಷ್ಟು ಬಂದರೆ ಯಾವ ಕಾಲೇಜು?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಸೀಟಿಗೆ ನೋಡುವುದು ಒಂದು ಪರೀಕ್ಷೆ (ಎಸ್‌ಎಟಿ), ಸ್ಕಾಲರ್‌ಶಿಪ್‌ಗೆ ಕೆಲವು ಸಲ ಬೇರೆಯದೇ (ಪಿಎಸ್‌ಎಟಿ), ಕಾಲೇಜಿನ ಕ್ರೆಡಿಟ್‌ಗೆ, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಅಂಶಗಳಿಗೆ, ಮತ್ತೊಂದು (ಎಪಿ, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳ ಪರೀಕ್ಷೆ). ಮೂರರ ಗಡುವೂ ಬೇರೆ ಬೇರೆ. ಹೊಸಬರು ಮೊದಲನೆಯದರ ಹಿಂದೆ ಬಿದ್ದು ಉಳಿದೆರಡರ ತಾರೀಖು ದಾಟಿಸಿಕೊಳ್ಳುವುದೇ ಹೆಚ್ಚು. ದುಡ್ಡು ಉಳಿಯುವುದು ಆ ಎರಡರಲ್ಲೇ.

ಊರು ಬಿಡುವ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಇಲ್ಲಿನ ಹೈಸ್ಕೂಲ್ ಎಂದರೆ 9ರಿಂದ 12ನೇ ತರಗತಿ, ಕಾಲೇಜುಗಳು ನಾಲ್ಕೂ ವರ್ಷದ ಅಂಕ ನೋಡುತ್ತವೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಎಲ್ಲರೂ ಜೋಪಾನವಾಗಿ ತರುತ್ತಾರೆ, 9ನೇ ತರಗತಿಯದನ್ನು ಯಾರೂ ತರುವುದಿಲ್ಲ. ಅದನ್ನು ಬೋರ್ಡ್ ಕೊಡುವುದಿಲ್ಲ, ಶಾಲೆಯೇ ಕೊಡಬೇಕು. ಟಿಸಿ ತೆಗೆದುಕೊಳ್ಳುವ ದಿನವೇ ಹೆಡ್ಮಾಸ್ಟರ ಸಹಿ, ಸೀಲು ಹಾಕಿಸಿ ಎರಡು ಪ್ರತಿ ಇಂಗ್ಲಿಷಿನಲ್ಲಿ ಪಡೆಯಿರಿ. ಪಿಯುಸಿ ಮೊದಲ ವರ್ಷ ಮುಗಿಸಿದ್ದರೆ ಅದರದ್ದೂ ಬೇಕು.

ಹೆಸರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕಡೆ ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ನಿಲ್ಲುತ್ತವೆ, ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಉಳಿಯುತ್ತದೆ. ಆಗ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ಶಾಲೆ ಒಂದು ರೀತಿ ಬರೆದುಕೊಂಡು, ಕಾಲೇಜ್ ಬೋರ್ಡ್ (ಈ ಪರೀಕ್ಷೆಗಳನ್ನು ನಡೆಸುವ ಸಂಸ್ಥೆ) ಖಾತೆಯಲ್ಲಿ ಮಗು ಇನ್ನೊಂದು ರೀತಿ ಬರೆದರೆ, ಕಳಿಸಿದ ಅಂಕ ಕಾಲೇಜಿನ ಅರ್ಜಿಗೆ ಹೊಂದದೆ ಎಲ್ಲೋ ಬಿದ್ದಿರುತ್ತದೆ. ಪರೀಕ್ಷೆಯ ದಿನ ಗುರುತಿನ ಚೀಟಿ ಒಪ್ಪದೆ ವಾಪಸ್ ಕಳಿಸಲೂಬಹುದು. ಆದ್ದರಿಂದ ಸಾಧ್ಯವಿದ್ದರೆ ವೀಸಾಕ್ಕೆ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿ. ಆಗದಿದ್ದರೆ ಶಾಲೆ, ಕಾಲೇಜ್ ಬೋರ್ಡ್, ಅರ್ಜಿ ಮೂರರಲ್ಲೂ ಪಾಸ್‌ಪೋರ್ಟಿನಂತೆ ಒಂದೇ ರೂಪ ಇರಲಿ, ಒಂದೇ ಇಮೇಲ್ ಇರಲಿ.

ಇನ್ನು ಎಸ್‌ಎಟಿ. 2024ರ ಮಾರ್ಚ್‌ನಿಂದ ಇಲ್ಲಿ ಇದು ಕಂಪ್ಯೂಟರಿನಲ್ಲೇ, ‘ಬ್ಲೂಬುಕ್’ ಎಂಬ ಆ್ಯಪ್‌ನಲ್ಲಿ. ಒಟ್ಟು 2 ಗಂಟೆ 14 ನಿಮಿಷ, 1600 ಅಂಕ. ಇಂಗ್ಲಿಷಿಗೆ 54 ಪ್ರಶ್ನೆ, 64 ನಿಮಿಷ; ಗಣಿತಕ್ಕೆ 44 ಪ್ರಶ್ನೆ, 70 ನಿಮಿಷ. ಎರಡರಲ್ಲೂ ಎರಡೆರಡು ಭಾಗ. ಮೊದಲ ಭಾಗದಲ್ಲಿ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದು ಕಷ್ಟದ್ದೋ ಸುಲಭದ್ದೋ ಬರುತ್ತದೆ. ಸುಲಭದ್ದು ಬಂತೆಂದರೆ ಎಲ್ಲವನ್ನೂ ಸರಿ ಮಾಡಿದರೂ ಅಂಕ ಒಂದು ಮಿತಿಗಿಂತ ಮೇಲಕ್ಕೇರುವುದಿಲ್ಲ. ಗಣಿತ ಬಲ್ಲ ನಮ್ಮ ಮಕ್ಕಳು ಕಳೆದುಕೊಳ್ಳುವುದು ಇಲ್ಲೇ: ಮೊದಲ ಭಾಗವನ್ನು ‘ಇದೇನು ಮಹಾ’ ಎಂದು ಓಡಿಸಿ ಬೇಡದ ತಪ್ಪು ಮಾಡಿಕೊಳ್ಳುತ್ತಾರೆ. ನೀಟ್, ಜೆಇಇ ಕೋಚಿಂಗ್ ಮಾಡಿಕೊಂಡು ಬಂದವರಿಗೆ ಗೊತ್ತಿಲ್ಲದ ಉತ್ತರ ಬಿಟ್ಟುಬಿಡುವ ಅಭ್ಯಾಸವೂ ಇರುತ್ತದೆ. ಇಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಒಂದನ್ನೂ ಖಾಲಿ ಬಿಡಬಾರದು. ತಯಾರಿಗೆ ಸಾವಿರಾರು ಡಾಲರ್ ಕೊಡುವ ಮೊದಲು ಬ್ಲೂಬುಕ್‌ನಲ್ಲೇ ಇರುವ ಉಚಿತ ಪೂರ್ಣ ಪರೀಕ್ಷೆಗಳನ್ನೂ ಖಾನ್ ಅಕಾಡೆಮಿಯ ಪಾಠಗಳನ್ನೂ ಮುಗಿಸಲಿ.

ಅಂಕ ಎಲ್ಲಿ ಬೇಕು, ಎಲ್ಲಿ ಬೇಡ? ಕ್ಯಾಲಿಫೋರ್ನಿಯಾದ ಎರಡು ಸರ್ಕಾರಿ ವಿಶ್ವವಿದ್ಯಾಲಯ ಸಮೂಹಗಳಾದ ಯುಸಿ ಮತ್ತು ಸಿಎಸ್‌ಯು ಕಾಲೇಜುಗಳು ಪ್ರವೇಶಕ್ಕೆ ಎಸ್‌ಎಟಿಯನ್ನು ನೋಡುವುದೇ ಇಲ್ಲ, 1600 ಬಂದರೂ ಅಷ್ಟೇ. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು; ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಯುಟಿ ಆಸ್ಟಿನ್ 2024ರಲ್ಲಿ ಅದೇ ದಾರಿ ಹಿಡಿದವು. ಯೇಲ್‌ನಲ್ಲಿ ಎಸ್‌ಎಟಿ ಬದಲು ಎಪಿ ಅಂಕ ಕೊಡಬಹುದು. ಫ್ಲಾರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ಜಾರ್ಜಿಯಾ ಟೆಕ್‌ನಲ್ಲಿ, ಪರ್ಡ್ಯೂನಲ್ಲಿ ಅಂಕ ಬೇಕೇ ಬೇಕು. ಉಳಿದ ಬಹಳಷ್ಟು ಕಡೆ ಐಚ್ಛಿಕ. ಐಚ್ಛಿಕ ಇರುವಲ್ಲಿ ಕಳಿಸಬೇಕೋ ಬೇಡವೋ ಎಂದು ಪಕ್ಕದ ಮನೆಯವರನ್ನು ಕೇಳಬೇಡಿ. ಆ ಕಾಲೇಜಿನ ‘ಕಾಮನ್ ಡೇಟಾ ಸೆಟ್’ (ಕಾಲೇಜೇ ಪ್ರಕಟಿಸುವ ಅಂಕಿಅಂಶದ ಕಡತ) ತೆಗೆದು ಸಿ9 ಭಾಗ ನೋಡಿ. ಸೇರಿದ ಮಕ್ಕಳ ಮಧ್ಯದ ಅರ್ಧದಷ್ಟು ಜನರ ಅಂಕ ಎಲ್ಲಿಂದ ಎಲ್ಲಿಯವರೆಗೆ ಎಂದು ಅಲ್ಲಿರುತ್ತದೆ. ನಿಮ್ಮ ಮಗುವಿನದು ಅದರ ಮೇಲಿನ ಅರ್ಧದಲ್ಲಿದ್ದರೆ ಕಳಿಸಿ, ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಬೇಡ. ಪ್ರವೇಶಕ್ಕೆ ಐಚ್ಛಿಕ ಎಂದವರೇ ಮೆರಿಟ್ ಸ್ಕಾಲರ್‌ಶಿಪ್‌ಗೆ ಅಂಕ ಕೇಳುವುದುಂಟು. ಆ ಪುಟವನ್ನು ಬೇರೆಯಾಗಿ ಓದಿ.

ಪಿಎಸ್‌ಎಟಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಹೊಸಬರ ಕೈತಪ್ಪುವುದು ಇದೇ. 11ನೇ ತರಗತಿಯ ಅಕ್ಟೋಬರಿನಲ್ಲಿ ಬರೆಯುವ ಪಿಎಸ್‌ಎಟಿ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್‌ನ ಬಾಗಿಲು. ಒಮ್ಮೆ ತಪ್ಪಿದರೆ ಮುಂದಿನ ವರ್ಷ ಬರೆದು ಸರಿಮಾಡಿಕೊಳ್ಳುವಂತಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಜೂನ್‌ನಲ್ಲಿ ಬಂದ ಮಗುವನ್ನು ಸಾಮಾನ್ಯವಾಗಿ 11ಕ್ಕೇ ಸೇರಿಸುತ್ತಾರೆ, ಅಂದರೆ ನಾಲ್ಕೇ ತಿಂಗಳಿಗೆ ಪರೀಕ್ಷೆ. ನೋಂದಣಿ ಶಾಲೆಯ ಮೂಲಕವೇ ಆಗಬೇಕು. ಆಗಸ್ಟ್‌ನಲ್ಲಿ ಶಾಲೆಗೆ ಸೇರಿಸಿದ ವಾರವೇ ಕೌನ್ಸೆಲರ್‌ಗೆ ಇಮೇಲ್ ಹಾಕಿ ಕೇಳಿ.

ಇಲ್ಲಿ ಆಯ್ಕೆ ನಡೆಯುವುದು ಒಟ್ಟು ಅಂಕದ ಮೇಲಲ್ಲ. ಇಂಗ್ಲಿಷ್ ಅಂಕವನ್ನು ಎರಡರಿಂದ ಗುಣಿಸಿ, ಗಣಿತದ ಅಂಕ ಕೂಡಿಸಿ, ಹತ್ತರಿಂದ ಭಾಗಿಸಿದರೆ ಬರುವುದೇ ಸೆಲೆಕ್ಷನ್ ಇಂಡೆಕ್ಸ್, ಗರಿಷ್ಠ 228. ಒಂದು ಮಗುವಿಗೆ ಇಂಗ್ಲಿಷ್ 720, ಗಣಿತ 760 ಬಂತು ಎನ್ನಿ: ಇಂಡೆಕ್ಸ್ 220. ಇನ್ನೊಂದಕ್ಕೆ ಇಂಗ್ಲಿಷ್ 760, ಗಣಿತ 720: ಇಂಡೆಕ್ಸ್ 224. ಒಟ್ಟು ಇಬ್ಬರದೂ 1480. ಎರಡನೆಯ ಮಗು ಸೆಮಿಫೈನಲಿಸ್ಟ್ ಆಗಿ, ಮೊದಲನೆಯದು ಹೊರಗುಳಿಯಬಹುದು. ಕಟ್ ಆಫ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ನಲ್ಲಿ ಬಹಳ ಮೇಲೆ. ‘ಗಣಿತ ಚೆನ್ನಾಗಿದೆ, ಸಾಕು’ ಎಂದು ಕೂರಬೇಡಿ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಓದಿಸುವುದು ಇಲ್ಲಿ ಎರಡು ಪಟ್ಟು ಫಲ ಕೊಡುತ್ತದೆ. ನ್ಯಾಷನಲ್ ಮೆರಿಟ್ ಸಂಸ್ಥೆ ನೇರವಾಗಿ ಕೊಡುವುದು ಒಮ್ಮೆಗೆ 2,500 ಡಾಲರ್ ಅಷ್ಟೇ. ದೊಡ್ಡ ಮೊತ್ತ ಬರುವುದು ಅಲಬಾಮಾ, ಯುಟಿ ಡಲ್ಲಾಸ್‌ನಂಥ ವಿಶ್ವವಿದ್ಯಾಲಯಗಳು ಫೈನಲಿಸ್ಟ್‌ಗಳಿಗೆ ಕೊಡುವ ಸ್ವಂತ ಸ್ಕಾಲರ್‌ಶಿಪ್‌ನಿಂದ.

ದುಡ್ಡಿನ ವಿಷಯದಲ್ಲಿ ಅಂಕಕ್ಕಿಂತ ಮೊದಲು ವೀಸಾ ನೋಡಿ. ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್ ಯೋಜನೆಯಲ್ಲಿ ಎಸ್‌ಎಟಿ 1330, ಜಿಪಿಎ (ಹೈಸ್ಕೂಲಿನ ಸರಾಸರಿ ಅಂಕ) 3.5, 100 ಗಂಟೆ ಸಮಾಜಸೇವೆ ಇದ್ದರೆ ಸರ್ಕಾರಿ ಕಾಲೇಜಿನ ಪೂರ್ತಿ ಟ್ಯೂಷನ್ ಸಿಗುತ್ತದೆ, 1210ಕ್ಕೆ ಮುಕ್ಕಾಲು. ಇದು ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ. ಎಚ್-4 ಮಕ್ಕಳಿಗೆ, ಅಂದರೆ ಎಚ್-1ಬಿ ವೀಸಾದಲ್ಲಿ ಕೆಲಸಕ್ಕೆ ಬಂದವರ ಅವಲಂಬಿತ ಮಕ್ಕಳಿಗೆ, ಇದೂ ಇಲ್ಲ, ಫಾಫ್ಸಾ ಎಂಬ ಅರ್ಜಿಯ ಮೂಲಕ ಸಿಗುವ ಕೇಂದ್ರ ಸರ್ಕಾರದ ನೆರವೂ ಇಲ್ಲ. ಅವರಿಗೆ ಉಳಿಯುವುದು ವಿಶ್ವವಿದ್ಯಾಲಯವೇ ಕೊಡುವ ಮೆರಿಟ್ ಹಣ ಮತ್ತು, ರಾಜ್ಯ ಒಪ್ಪಿದರೆ, ಅಲ್ಲಿನ ನಿವಾಸಿಗಳ ಫೀಸು. ಅರ್ಜಿ ಹಾಕುವ ಮುನ್ನವೇ ಅಡ್ಮಿಷನ್ ಆಫೀಸಿಗೆ ‘ಎಚ್-4 ಮಗುವನ್ನು ವಿದೇಶಿ ವಿದ್ಯಾರ್ಥಿ ಎಂದು ಎಣಿಸುತ್ತೀರಾ? ಯಾವ ಸ್ಕಾಲರ್‌ಶಿಪ್ ಸಿಗುತ್ತದೆ?’ ಎಂದು ಬರೆದು, ಬಂದ ಉತ್ತರ ಇಟ್ಟುಕೊಳ್ಳಿ. ಮೆರಿಟ್ ಹಣದ ಗಡುವು ಎಷ್ಟೋ ಕಡೆ ಪ್ರವೇಶದ ಕೊನೆಯ ತಾರೀಖಿಗಿಂತ ಮುಂಚೆ, ನವೆಂಬರ್ ಅಥವಾ ಡಿಸೆಂಬರಿನಲ್ಲೇ ಬರುತ್ತದೆ. ಹಾಗಾಗಿ 11ನೇ ತರಗತಿಯ ಮಾರ್ಚ್ ಅಥವಾ ಮೇನಲ್ಲಿ ಮೊದಲ ಎಸ್‌ಎಟಿ ಬರೆದು, ಇನ್ನೊಂದನ್ನು ಆಗಸ್ಟ್‌ಗೆ ಇಟ್ಟುಕೊಂಡರೆ ಉಸಿರಾಡಲು ಸಮಯವಿರುತ್ತದೆ. ಬಹಳಷ್ಟು ಕಾಲೇಜುಗಳು ಎರಡು ಸಲ ಬರೆದದ್ದರಲ್ಲಿ ಇಂಗ್ಲಿಷ್, ಗಣಿತ ಒಂದೊಂದರ ಹೆಚ್ಚಿನ ಅಂಕವನ್ನು ಕೂಡಿಸಿ ನೋಡುತ್ತವೆ.

ಎಪಿಗೆ ವೀಸಾದ ಗೊಡವೆಯಿಲ್ಲ, ಅದಕ್ಕೇ ಎಚ್-4 ಮನೆಗಳು ಇದನ್ನು ಗಟ್ಟಿಯಾಗಿ ಹಿಡಿಯಬೇಕು. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ, ಫಲಿತಾಂಶ ಜುಲೈನಲ್ಲಿ. ಆದರೆ ಹೆಸರು ಕೊಡಬೇಕಾದ್ದು ಹಿಂದಿನ ನವೆಂಬರಿನಲ್ಲೇ, ಶಾಲೆಯ ಎಪಿ ಕೋಆರ್ಡಿನೇಟರ್ ಮೂಲಕ, ತಡವಾದರೆ ದಂಡ. 12ನೇ ತರಗತಿಯ ಎಪಿ ಅಂಕ ಬರುವಷ್ಟರಲ್ಲಿ ಪ್ರವೇಶ ಮುಗಿದಿರುತ್ತದೆ, ಅದರಿಂದ ಸಿಗುವುದು ಕ್ರೆಡಿಟ್ ಮಾತ್ರ. ಟೆಕ್ಸಾಸ್, ಇಲಿನಾಯ್ ಸರ್ಕಾರಿ ಕಾಲೇಜುಗಳಲ್ಲಿ 3 ಬಂದರೂ ಸಾಮಾನ್ಯವಾಗಿ ಕ್ರೆಡಿಟ್ ಸಿಗುತ್ತದೆ. ಡಾರ್ಟ್‌ಮತ್, ಕ್ಯಾಲ್‌ಟೆಕ್‌ನಲ್ಲಿ 5 ಬಂದರೂ ಕ್ರೆಡಿಟ್ ಇಲ್ಲ.

ಕ್ರೆಡಿಟ್ ಸಿಕ್ಕ ಮಾತ್ರಕ್ಕೆ ಹಣ ಉಳಿಯಿತು ಎಂದುಕೊಳ್ಳಬೇಡಿ. ಡಿಗ್ರಿಗೆ ಸುಮಾರು 120 ಕ್ರೆಡಿಟ್ ಬೇಕು. ಅನೇಕ ಕಾಲೇಜುಗಳಲ್ಲಿ ಸೆಮಿಸ್ಟರಿಗೆ 12 ತೆಗೆದುಕೊಂಡರೂ 18 ತೆಗೆದುಕೊಂಡರೂ ಫೀಸು ಒಂದೇ. ಒಂದೆರಡು ವಿಷಯ ಕಡಿಮೆಯಾದರೆ ಮಗುವಿಗೆ ಹೊರೆ ಇಳಿಯುತ್ತದೆ, ನಿಮ್ಮ ಬಿಲ್ಲು ಇಳಿಯುವುದಿಲ್ಲ. ಸುಮಾರು 15 ಕ್ರೆಡಿಟ್ ಸೇರಿ ಒಂದು ಇಡೀ ಸೆಮಿಸ್ಟರ್ ಕಡಿಮೆಯಾದಾಗಲೇ ಉಳಿತಾಯ. ಆ ಕ್ರೆಡಿಟ್ ಮೇಜರ್‌ನ (ಡಿಗ್ರಿಯ ಮುಖ್ಯ ವಿಷಯದ) ಕಡ್ಡಾಯ ವಿಷಯಕ್ಕೆ ಎಣಿಕೆಯಾಗುತ್ತದೋ, ಬರೀ ಲೆಕ್ಕಕ್ಕೆ ಸೇರುತ್ತದೋ ಎಂಬುದನ್ನು ಡಿಪಾರ್ಟ್‌ಮೆಂಟಿನ ಪಟ್ಟಿಯಲ್ಲಿ ನೋಡಿ. ಮುಂದೆ ಮೆಡಿಕಲ್ ಓದುವ ಆಸೆಯಿದ್ದರೆ ಬಯಾಲಜಿ, ಕೆಮಿಸ್ಟ್ರಿಯನ್ನು ಎಪಿ ಹೆಸರಲ್ಲಿ ಬಿಡಬೇಡಿ. ಎಷ್ಟೋ ಮೆಡಿಕಲ್ ಕಾಲೇಜುಗಳು ಅವನ್ನು ಕಾಲೇಜಿನ ತರಗತಿಯಲ್ಲೇ ಓದಿರಬೇಕು ಎನ್ನುತ್ತವೆ.

ಕಾಲೇಜು ಗೊತ್ತಾದ ಮೇಲೆ ಜೂನ್ 20ರೊಳಗೆ ಅದರ ಹೆಸರನ್ನು ಎಪಿ ಖಾತೆಯಲ್ಲಿ ತುಂಬಿದರೆ ಆ ವರ್ಷ ಒಂದು ಕಡೆಗೆ ಅಂಕ ಉಚಿತವಾಗಿ ಹೋಗುತ್ತದೆ. ಓರಿಯೆಂಟೇಷನ್‌ಗೆ ಹೋಗುವ ಮುಂಚೆ ಕಾಲೇಜಿನ ಪೋರ್ಟಲ್‌ನಲ್ಲಿ ಅಂಕ ಬಂದು ಕೂತಿದೆಯೇ ನೋಡಿ. ಬಂದಿಲ್ಲವೆಂದರೆ ಮೊದಲು ಪರೀಕ್ಷಿಸಬೇಕಾದ್ದು ಹೆಸರು, ಹುಟ್ಟಿದ ತಾರೀಖು. ರಿಜಿಸ್ಟ್ರಾರ್ ಆಫೀಸಿಗೆ ಪಾಸ್‌ಪೋರ್ಟ್ ಪ್ರತಿ ಮತ್ತು ಎಪಿ ಅಂಕಪಟ್ಟಿ ಕಳಿಸಿ, ಮೊದಲ ಸೆಮಿಸ್ಟರಿನ ವಿಷಯ ಆರಿಸುವ ದಿನಕ್ಕೆ ಮೊದಲೇ ಹೊಂದಿಸಿಕೊಳ್ಳಿ.